ಒಂದೊಂದೇ ಹಚ್ಚುವ ದೀಪ

ಪೀಠದಲ್ಲಿರುವ ಪಾದ್ರಿ ಪೇಷನ್ಸ್ ಓಡೆಲ್ ಅವರೇ, ಪಕ್ಕದೂರಿನ ಸಭೆಗಳಿಂದ ಹಿಮ ತುಳಿದು ಬಂದ ಅತಿಥಿಗಳೇ, ಊಟದ ಪಾತ್ರೆಗಳತ್ತಲೇ ಕಣ್ಣಿಟ್ಟಿರುವ ನನ್ನ ಸಭಿಕರೇ,

ಡೆವೋರಾ ಸ್ಯಾಂಡ್ಲರ್ ಯಹೂದಿಗಳ ಎಂಟು ದಿನದ ಹಬ್ಬವಾದ ಹನುಕ್ಕಾದ ತಮ್ಮ ಹಿತ್ತಾಳೆಯ ದೀಪಕಂಬವನ್ನು ಇಂದು ಮಧ್ಯಾಹ್ನ ಈ ಸಭಾಂಗಣಕ್ಕೆ ಮರಳಿ ತಂದು ಕಿಟಕಿಯ ಬಳಿ ಇಟ್ಟಿದ್ದಾರೆ. ಇದನ್ನು ತಿಳಿಸಿದವರು ಅಡುಗೆಮನೆಯ ಉಸ್ತುವಾರಿ ಲೊರೇನ್ ಬ್ಯಾಟಲ್. ಜೀವಮಾನವಿಡೀ ನಮ್ಮ ಡುಲುತ್ ಊರಿನ ಪತ್ರಿಕೆಗಳಲ್ಲಿ ಸುದ್ದಿ ತಿದ್ದಿದ ನಾನು, ಕಿಟಕಿಯವರೆಗೆ ಹೋಗಿ ಕಣ್ಣಾರೆ ನೋಡಿ ಬಂದೇ ಹೇಳುತ್ತಿದ್ದೇನೆ.

ಹೊಸಬರಿಗಾಗಿ ಹಿಂದಿನದನ್ನು ಹೇಳಬೇಕು. ನಾವು ಎಲ್ಲ ಮತದವರನ್ನೂ, ಯಾವ ಮತವೂ ಬೇಡವೆನ್ನುವವರನ್ನೂ ಸೇರಿಸಿಕೊಂಡ ಸಭೆ. ಸೇರುವುದು ಮಾತ್ರ ಭಾನುವಾರ. ಕಳೆದ ಡಿಸೆಂಬರಿನಲ್ಲಿ ನಮ್ಮ ಸಮಿತಿ ನ್ಯಾಯವಾಗಿರಲೆಂದು ಚಳಿಗಾಲದ ಹಬ್ಬಗಳನ್ನೆಲ್ಲ ಒಂದೇ ಬೆಳಗಿಗೆ ಹೊಂದಿಸಿತು. ಕ್ರಿಸ್ಮಸ್ಸಿಗೆ ಐದು ನಿಮಿಷ, ವರ್ಷದ ಅತಿ ದೀರ್ಘರಾತ್ರಿಗೆ ಐದು, ಹನುಕ್ಕಾಕ್ಕೆ ಐದು, ಆಫ್ರಿಕನ್ ಅಮೆರಿಕನ್ನರ ಕ್ವಾಂಜಾಕ್ಕೆ ಐದು. ಯಾರಿಗೂ ಕಡಿಮೆಯಾಗಬಾರದಲ್ಲವೇ? ಹನುಕ್ಕಾದ ಎರಡನೇ ದಿನವಷ್ಟೇ ಆಗಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಹಬ್ಬ ಮುಗಿದಿರುತ್ತದೆಂದು ನಾವು ಎಂಟು ದೀಪಗಳನ್ನೂ ಒಟ್ಟಿಗೆ ಹಚ್ಚಿದೆವು. ಚಪ್ಪಾಳೆಯನ್ನೂ ತಟ್ಟಿದೆವು.

ಡೆವೋರಾ ದೀಪಗಳು ಆರಿ ಕಂಬ ತಣ್ಣಗಾಗುವವರೆಗೆ ಕಾದು, ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟರು. ಕಾರಿನವರೆಗೆ ನಾನೂ ಹೋದೆ.

“ಮೊದಲ ರಾತ್ರಿ ಒಂದೇ ಇರಬೇಕು, ಆರ್ಲನ್,” ಅಂದರು. “ಅಷ್ಟು ಬೆಳಕಲ್ಲೇ ಕೂತಿರಬೇಕು. ನನ್ನ ಗಂಡ ಸಾಲ್ ತೀರಿಕೊಂಡ ವರ್ಷ ನನ್ನ ಹತ್ರ ಇದ್ದದ್ದೇ ಅಷ್ಟು. ಮಾರನೇ ದಿನ ಇನ್ನೊಂದು ಹಚ್ಚಬೇಕಲ್ಲಾ ಅಂತ ಎದ್ದೆ. ನೀವು ಎಲ್ಲಾ ಒಂದೇ ಸಲ ಮುಗಿಸಿಬಿಟ್ರಿ.”

ಆಮೇಲೆ ಅವರು ಬರಲಿಲ್ಲ. ಮೂರನೇ ಸಾಲಿನಲ್ಲಿ ಕಿಟಕಿ ಪಕ್ಕದ ಅವರ ಕುರ್ಚಿಯ ಮೇಲೆ ವರ್ಷವಿಡೀ ನನ್ನ ಕೋಟು ಇತ್ತು. ಅಲ್ಲಿ ಬಿಸಿಗಾಳಿ ಚೆನ್ನಾಗಿ ಬರುತ್ತದೆ, ಕೋಟು ಬೇಗ ಒಣಗುತ್ತದೆ. ಬೇರೆ ಕಾರಣವೇನಿಲ್ಲ. ಜುಲೈನಲ್ಲೂ ಕೋಟು ತರುತ್ತಿದ್ದೆನೆಂದು ಲೊರೇನ್ ಊರಿಗೆಲ್ಲ ಹೇಳಿದ್ದಾರೆ. ನಮ್ಮೂರ ಸರೋವರದ ಗಾಳಿಯನ್ನು ಯಾರು ನಂಬುತ್ತಾರೆ ಹೇಳಿ? ನಾನು ಮಾತು ಕಮ್ಮಿಯ ಲೂಥರನ್ ಕ್ರೈಸ್ತರ ಮನೆಯಲ್ಲಿ ಬೆಳೆದವನು. ಅಮ್ಮನೊಂದಿಗೆ ನನ್ನ ಅಪ್ಪ ಪ್ರೀತಿಯ ಮಾತೊಂದನ್ನೂ ಆಡಿದ್ದಿಲ್ಲ, ಅವಳ ಕಾರಿನ ಗಾಜಿನ ಹಿಮ ಕೆರೆದು ಬರುತ್ತಿದ್ದ. ಇದನ್ನೇಕೆ ಹೇಳಿದೆನೋ ಗೊತ್ತಿಲ್ಲ. ವಿಷಯಕ್ಕೆ ಬರುತ್ತೇನೆ.

ಅಕ್ಟೋಬರಿನಲ್ಲಿ ಪಾದ್ರಿಯವರೂ ನಾನೂ ಅವರ ಮನೆಗೆ ಹೋದೆವು. ಪಾದ್ರಿಯವರು ಸಭೆಯ ಪರವಾಗಿ ಕ್ಷಮೆ ಕೇಳತೊಡಗಿದರು. ಡೆವೋರಾ ಚಹಾ ಬಗ್ಗಿಸುತ್ತ ತಡೆದರು. “ಕ್ಷಮೆ ಇಟ್ಕೊಂಡು ಏನ್ಮಾಡಲಿ? ಎಂಟು ಸಂಜೆ ಕೊಡಿ. ವಾರದ ದಿನ, ಈ ಚಳೀಲಿ, ಬರೋರು ಇದ್ದಾರಾ?”

ಈ ಪ್ರಶ್ನೆಯನ್ನು ನಾನು ಮುಂದಿನ ಭಾನುವಾರ ನಿಮ್ಮ ಮುಂದೆ ಇಟ್ಟೆ. ಡಿಸೆಂಬರ್ ಎಂದರೆ ಹಾಕಿ ಪಂದ್ಯಗಳ ಕಾಲ, ರಸ್ತೆಯ ಮೇಲೆ ಮಂಜುಗಡ್ಡೆ. ನೀವೆಲ್ಲ ಕ್ಯಾಲೆಂಡರ್ ತಿರುವತೊಡಗಿದಿರಿ. ಕೊನೆಗೆ ಲೊರೇನ್ ಎದ್ದು ನಿಂತರು.

“ಕ್ವಾಂಜಾದ ಏಳು ದೀಪಾನೂ ದಿನಕ್ಕೊಂದೇ ಹಚ್ಚೋದು. ಹೋದ ವರ್ಷ ಅದನ್ನೂ ಒಂದೇ ಸಲ ಹಚ್ಚಿದ್ರಿ, ಅದೂ ಹಬ್ಬ ಶುರುವಾಗೋ ಮುಂಚೆ. ಡೆವೋರಾ ಎದ್ದು ಹೋದಳು, ನಾನು ಪಾತ್ರೆ ತೊಳೀತಾ ಕೂತೆ. ಅಷ್ಟೇ ವ್ಯತ್ಯಾಸ. ಅವಳ ಎಂಟಕ್ಕೂ ನಾನು ಬರ್ತೀನಿ. ನನ್ನ ಏಳಕ್ಕೆ ಅವಳು ಬರಲಿ. ನೀವೆಲ್ಲಾ ಸುಮ್ನೆ ಸೂಪು ತನ್ನಿ.”

ಆಗ ಕೈಗಳು ಒಂದೊಂದಾಗಿ ಎದ್ದವು. ಸಮಿತಿಯವರೂ ಎತ್ತಿದರು. ಸಭಿಕರೇ, ಎಲ್ಲರಿಗೂ ಸಮವಾಗಿ ಹಂಚುವುದೇ ಸ್ವಾಗತವೆಂದು ತಿಳಿದಿದ್ದೆವು. ಇನ್ನೊಬ್ಬರ ಹಬ್ಬಕ್ಕೆ ಅದು ಕೇಳುವಷ್ಟು ಸಂಜೆಗಳನ್ನು ಕೊಡುವುದು ಸ್ವಾಗತವೆಂದು ಈಗ ಕಲಿಯುತ್ತಿದ್ದೇವೆ.

ಸೂಪು ತರುವವರಿಗೆ, ದಾರಿಯ ಹಿಮ ತೆಗೆಯುವವರಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆ ನಾನು ಋಣಿ. ನನ್ನ ಕೋಟನ್ನು ನಾಳೆಯಿಂದ ಬಾಗಿಲ ಬಳಿಯ ಗೂಟಕ್ಕೆ ನೇತುಹಾಕುತ್ತೇನೆ. ನಿಮಗೆಲ್ಲ ನಮಸ್ಕಾರ.

ನಾಳೆ ಹನುಕ್ಕಾದ ಮೊದಲ ರಾತ್ರಿ, ಸಂಜೆ ನಾಲ್ಕೂವರೆಗೆ ಬಾಗಿಲು ತೆರೆಯುತ್ತದೆ. ಡೆವೋರಾ ಹಚ್ಚುತ್ತಾರೆ. ಒಂದೇ ದೀಪ.