ಗ್ರೂಪಿನ ಹಳದಿ ಹೂವು

...ಫಾರ್... ಫಾರ್ವ... ಅದೇನೇ ಅದು, ನಾಲಿಗೆ ತುದೀಲೇ ಇದೆ! ನಿಮ್ಮಪ್ಪ ಬೆಳಗ್ಗೆಯಿಂದ ಅದನ್ನೇ ಕೂಗ್ತಿದ್ದನಲ್ಲ. ಹಾಂ, ಫಾರ್ವರ್ಡು! "ಇವಳು ಕುಣಿದ ವಿಡಿಯೋನ ಇವಳೇ ನೆಂಟರ ಗ್ರೂಪಿಗೆ ಫಾರ್ವರ್ಡ್ ಮಾಡಿದಾಳೆ, ಅದೂ ಅಜ್ಜಿ ಫೋನಿಂದ!" ಅಂತ. ಹಾಗೆ ಕೂಗಿದ್ರೆ ಕೆಳಗಿನ ಮನೆ ಟೈಲರಿಗೆ ಕೇಳಿಸದೆ ಇರುತ್ತಾ? ಹೊಲಿಗೆ ಮಿಷನ್ನಿನ ಸದ್ದೇ ನಿಂತುಹೋಗಿತ್ತು.

ಯಾಕೆ ನಗ್ತೀಯ? ಓ... ನಗು ಅಲ್ವಾ ಅದು. ಸರಿ ಸರಿ, ಈ ಟವೆಲ್ ತಗೋ, ಒರೆಸ್ಕೋ.

ಊಟ ಮಾಡೇ ಪುಟ್ಟಿ. ಎಲ್ಲಾ ಆರಿಹೋಯ್ತು. ಅನ್ನದ ಮೇಲೆ ಯಾಕೆ ಸಿಟ್ಟು?

ನಿಮ್ಮ ದೊಡ್ಡಪ್ಪ ಒಬ್ಬ! ಫೋನ್ ಮಾಡಿ, "ಮನೆ ಹುಡುಗಿ ತಾರಸಿ ಮೇಲೆ ಕೂದಲು ಬಿಟ್ಕೊಂಡು ಕುಣಿಯೋದಂತೆ, ನೆಂಟರೆಲ್ಲ ಕೂತು ನೋಡೋದಂತೆ" ಅಂದನಂತೆ. ತಾನು ಎಷ್ಟು ಸಲ ನೋಡಿದನೋ, ಅದನ್ನ ಕೇಳಬೇಕಿತ್ತು! ಒಗೆದ ಬಟ್ಟೆ ಹರವ್ತಾ ನಾಲ್ಕು ಹೆಜ್ಜೆ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ? ಆ ಕೆಂಪು ಹೊದಿಕೆ ಹಿಂದಿನಿಂದ ಇಣುಕಿ ನಕ್ಕೆಯಲ್ಲ... ಎಷ್ಟು ಚೆಂದ ಇತ್ತು...

ಆದ್ರೆ ಲ್ಯಾಬ್ ಕೋರ್ಸ್ ಬಿಡಿಸೋದಾ? ಪರೀಕ್ಷೆ ಹತ್ತಿರ ಬಂದಿರೋವಾಗ? "ರಕ್ತ ನೋಡೋದು ಕಲಿತದ್ದು ಸಾಕು, ಮನೇಲಿರು" ಅಂತ ನಿನ್ನ ಬಿಳಿ ಕೋಟನ್ನ ಬೀರುವಿಗೆ ತುರುಕಿ ಬೀಗ ಹಾಕಿಬಿಟ್ಟ. ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಏನು ಮಾಡ್ಲಿ? ಹೆತ್ತ ಮಗನೇ ಆದ್ರೂ, ಅವನು ದನಿ ಎತ್ತಿದ್ರೆ ನಾನು ಒಲೆ ಕಡೆ ತಿರುಗಿಬಿಡ್ತೀನಿ ಕಣೇ.

ಈ ಹಾಳು ಫೋನೇ ಸರಿಯಿಲ್ಲ. ದಿಂಬಿನ ಕೆಳಗೆ ಇಟ್ಟಿದ್ದೆ, ಒತ್ತಿಹೋಗಿರುತ್ತೆ... ಏನು ಹಾಗೆ ನೋಡ್ತೀಯ? ಆಗಲ್ವಾ? ಟೈಲರ್ ಹೆಂಡತಿ ಫೋನು ಚೀಲದಲ್ಲಿದ್ದುಕೊಂಡೇ ಅವಳ ಅತ್ತೆಗೆ ಕಾಲ್ ಮಾಡಿತ್ತಂತೆ, ಇವಳು ಬೈದದ್ದೆಲ್ಲ ಅತ್ತೆ ಕೂತು ಕೇಳಿಸ್ಕೊಂಡಳಂತೆ!

ಇದಕ್ಕೂ ನಗಲ್ವಾ?

ಹೋಗ್ಲಿ, ನೀನಾದ್ರೂ "ನಾನಲ್ಲ" ಅಂತ ಯಾಕೆ ಅನ್ನಲಿಲ್ಲ? ನಿಮ್ಮಪ್ಪ ನನ್ನ ಕಡೆ ಕೈ ತೋರಿಸಿ, "ಅಮ್ಮಂಗೆ ಫೋನ್ ಆಫ್ ಮಾಡೋಕೂ ಬರಲ್ಲ, ಇನ್ಯಾರು ಕಳಿಸ್ತಾರೆ?" ಅಂದಾಗ... ನೀನು ನನ್ನನ್ನೇ ನೋಡಿದೆ. ಆಮೇಲೆ ತಲೆ ತಗ್ಗಿಸಿದೆ. ಈಗ ನೋಡ್ತಿದೀಯಲ್ಲ, ಆಗಲೂ ಹೀಗೇ...

ಗೊತ್ತಿತ್ತಾ?

ಬೆಳಗ್ಗೆಯಿಂದ ಗೊತ್ತಿತ್ತಾ ನಿಂಗೆ?

ಅಯ್ಯೋ ಕಂದಾ... ನನ್ನ ತಂಗಿಗೆ ಅಂತ ಒತ್ತಿದ್ದು ಕಣೇ! ಅಷ್ಟು ದೂರ, ನಮ್ಮೂರಲ್ಲಿ ಇದಾಳೆ, ನೀನು ಕುಣಿಯೋದನ್ನ ಕಂಡೇ ಇಲ್ಲ. "ಅಜ್ಜಿ, ಇದು ನಿನಗೊಬ್ಬಳಿಗೇ" ಅಂತ ನೀನು ನನ್ನ ಫೋನಲ್ಲೇ ತೆಗೆದು ಕೊಟ್ಟಿದ್ದು. ಒಬ್ಬಳೇ ನೋಡಿ ನೋಡಿ ಹೊಟ್ಟೆ ತುಂಬಲಿಲ್ಲ. ಅವಳಿಗೂ ತೋರಿಸಬೇಕು ಅನ್ನಿಸ್ತು. ನಂಗೆ ಅಕ್ಷರ ಎಲ್ಲಿ ಬರುತ್ತೆ? ಹೆಸರಿನ ಪಕ್ಕದ ಆ ಗುಂಡು ಚಿತ್ರ ನೋಡಿ ತಾನೇ ಗುರುತು ಹಿಡಿಯೋದು! ತಂಗೀದು ಹಳದಿ ಹೂವು. ಗ್ರೂಪಿಂದು ನಿಮ್ಮಜ್ಜನ ಫೋಟೋ. ಯಾವ ಪುಣ್ಯಾತ್ಮ ಅಜ್ಜನ್ನ ತೆಗೆದು ಅಲ್ಲೂ ಹಳದಿ ಹೂವು ಇಟ್ಟನೋ...

ಅವನು ಕೂಗಾಡುವಾಗಲೇ ಬಾಯಿ ಬಿಡಬೇಕಿತ್ತು. ನಿನ್ನ ಫೋನ್ ಕಿತ್ಕೊಂಡ ಹಾಗೆ ನಂದೂ ಕಿತ್ಕೊಂಡ್ರೆ, ವಿಡಿಯೋ ಕಾಲಲ್ಲಿ ಕಾಣೋ ತಂಗಿ ಮುಖ ಇನ್ನು ಈ ಜನ್ಮದಲ್ಲಿ ನೋಡೋಕಾಗಲ್ಲ ಅಂತ... ಅಂತ ಸುಮ್ಮನಿದ್ದುಬಿಟ್ಟೆ.

ಬೈಯೇ. ಒಂದು ಮಾತಾದ್ರೂ ಬೈಯೇ.

ತಗೋ ಫೋನು. ಗ್ರೂಪಲ್ಲೇ ಬರಿ, ಎಲ್ಲಾರೂ ಓದಲಿ. ನಿಮ್ಮಪ್ಪನ ಎದುರು ನಿಂತು ಹೇಳೋ ಧೈರ್ಯ ನಂಗಿಲ್ಲ. ನಾನು ಹೇಳ್ತೀನಿ, ನೀನು ಬರಿ. "ಕಳಿಸಿದ್ದು ಅವಳಲ್ಲ, ಅಜ್ಜಿ." ಅಷ್ಟೇ. ಜಾಸ್ತಿ ಏನೂ ಬೇಡ.

ಯಾಕೆ ಕೈ ಹಿಂದಕ್ಕೆ ತಗೊಂಡೆ?

...ಹೌದಲ್ವಾ. ಇದನ್ನೂ ನೀನೇ ಬರ್ಕೊಂಡೆ ಅಂತಾರೆ.

ಆದ್ರೂ ಬರಿ ಪುಟ್ಟಿ. ಬರಿ.