ಚೀಲದಲ್ಲಿದ್ದ ವಿಭೂತಿ

ಬೈಲಹೊಂಗಲದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದೆ. ಪಕ್ಕದಲ್ಲಿ ಗುರುತಿಲ್ಲದ ಅಕ್ಕ-ತಮ್ಮ ಕುಳಿತಿದ್ದರು. ಅಕ್ಕನ ಚೀಲದೊಳಗೆ ತಮ್ಮ ಇಣುಕಿದ. ಗಂಜಿ ಡಬ್ಬಿ, ಬೈಬಲ್ಲಿನ ಜೊತೆ ವಿಭೂತಿ ಗಟ್ಟಿ ಇತ್ತು.

“ಇದನ್ಯಾಕ ತಂದಿ, ಅಕ್ಕಾ? ನಾವು ಹಚ್ಚಾವರಲ್ಲ.”

“ಬಾಜೂ ಮನಿ ಕೆಂಚವ್ವಗ. ಹಣಿಗೆ ಇದನ್ನ ಹಚ್ಚಿಕೊಳ್ಳದೇ ಆಕಿ ತುತ್ತು ಮುಟ್ಟಾಂಗಿಲ್ಲ. ನಿನ್ನಿಯಿಂದ ಉಪಾಸ ಅದಾಳ.”

“ನಮ್ಮ ಪ್ರಾರ್ಥನಾ ಮನಿಗೆ ಕೀಲಿ ಜಡಿಸಿದಾಕಿ! ಯೇಸುನ ಆಕಿಗೆ ಲಕ್ವಾ ಹೊಡಿಸ್ಯಾನ. ಮಾರಿಮ್ಯಾಲೇ ಹೇಳತೇನಿ.”

“ಹಂಗ ಹೇಳಾವಿದ್ರ ಒಳಗ ಬರಬ್ಯಾಡ, ಯೋನಾ.”

“ಪಾಸ್ಟರಿಗೆ ಗೊತ್ತಾದ್ರ?”

“ನಾನ ಹೇಳತೇನಿ. ಆಕಿ ಕೈ ಏಳವಲ್ದು, ನಾನ ಹಚ್ಚಿದೆ ಅಂತನೂ ಹೇಳತೇನಿ.”

ಬಾಗಿಲು ತೆರೆಯಿತು. ಅಕ್ಕ ತಿರುಗಿ ನೋಡದೆ ನಡೆದಳು. ಯೋನಾ ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ಅಕ್ಕನ ಹಿಂದೆ ಓಡಿದ.

“ಗಂಜಿ ಡಬ್ಬಿ ನನ್ನ ಕೈಯಾಗ ಕೊಡು. ವಿಭೂತಿ ನೀನ ಹಿಡಿ.”