ಸಂಜೆ ಬರುವವರಿಗೆ ಹೇಳಬೇಕಾದ್ದು

…ಅಲ್ಲ ಮಾವ, ಹಾಗೆ ಗಂಟಲು ಸರಿಮಾಡಿಕೊಂಡು ‘ಸಭಿಕರೇ’ ಅಂತ ಶುರು ಮಾಡಿದ್ರೆ ಬಂದವರು ಬಂದ ದಾರೀಲೇ ಓಡಿಹೋಗ್ತಾರೆ! ಸಭಿಕರಂತೆ! ಬರೋದು ಐದಾರು ಜನ, ಕೂರೋಕಿರೋದು ಒಂದೇ ಬೆಂಚು. ಮನೇಲಿ ಪುಟ್ಟ ಪುಟ್ಟ ಉಗಿ ಎಂಜಿನ್ ಮಾಡೋ ಹುಚ್ಚು ಈಗಷ್ಟೇ ಹಿಡಿದಿರೋವರು, ಪಾಪ. ಅವರಿಗೆ ಭಾಷಣ ಯಾಕೆ? ಕೈ ಎಲ್ಲಿಡಬೇಕು, ಎಲ್ಲಿಡಬಾರದು, ಅಷ್ಟು ಹೇಳಿ, ಸಾಕು.

ನಗ್ತೀರಾ? ನಗಿ, ನಗಿ. ಹಾಗೇ ನಗ್ತಾ ಮಾತಾಡಿ. ಜೀವಮಾನವೆಲ್ಲ ಕಚೇರೀಲಿ ಫೈಲು ಕಟ್ಟಿದ ಆ ಗಂಟುಮುಖ ಇವತ್ತೊಂದು ದಿನ ಬೇಡ. ಆದ್ರೆ ಮೆಲ್ಲಗೆ, ಪುಟ್ಟಿ ಈಗಷ್ಟೇ ಮಲಗಿದ್ದಾಳೆ. ಅವಳು ಎದ್ರೆ ನಿಮ್ಮ ಭಾಷಣ ಅವಳೇ ಮಾಡ್ತಾಳೆ.

ಸರಿ, ನಾನೇ ಬಂದವಳು ಅಂದ್ಕೊಳ್ಳಿ. ಇಗೋ, ಬೆಂಚಿನ ಮೇಲೆ ಕೈಕಟ್ಟಿ ಕೂತೆ. ‘ಸಾರ್, ಲೇತಿನ ಹತ್ತಿರ ಬರಬಹುದಾ ಸಾರ್?’ …ಹಾಂ, ಅದೇ! ಅಂಗಿಯ ತೋಳು ಮಡಚು, ಉಂಗುರ ತೆಗೆ, ಜಡೆ ಕಟ್ಟು. ಲೋಹ ತಿರುಗಿಸಿ ಕಡೆಯೋ ಈ ಯಂತ್ರಕ್ಕೆ ನೆಂಟರು ಇಷ್ಟರು ಅಂತಿಲ್ಲ, ಸಿಕ್ಕಿದ್ದನ್ನೆಲ್ಲ ಸುತ್ತಿಕೊಳ್ಳುತ್ತೆ. ‘ಕೈಗವಸು ಹಾಕ್ಕೊಂಡ್ರೆ ಕ್ಷೇಮ ಅಲ್ವಾ ಸಾರ್?’ ಅಂತ ಒಬ್ಬ ಬುದ್ಧಿವಂತ ಕೇಳೇ ಕೇಳ್ತಾನೆ. ಅವನಿಗೆ ಸರಿಯಾಗಿ ಬಯ್ಯಿರಿ. ಬರಿಗೈ ತಾಗಿದ್ರೆ ಚರ್ಮ ಹೋಗುತ್ತೆ. ಕೈಗವಸು ಸಿಕ್ಕಿಕೊಂಡ್ರೆ ಇಡೀ ಕೈಯೇ ಒಳಗೆ!

ಮತ್ತೆ ಆ ಕೀ ವಿಷಯ. ತುಂಡನ್ನ ಕಚ್ಚಿ ಹಿಡಿಯೋದು ಚಕ್ಕು, ಚಕ್ಕನ್ನ ಬಿಗಿಸೋದು ಕೀ. ಬಿಗಿಸಿ, ಕೀ ಅಲ್ಲೇ ಬಿಟ್ಟು, ಲೇತು ಶುರು ಮಾಡಿದ್ರೆ ಏನಾಗುತ್ತೆ ಅಂತ ಬಾಯಲ್ಲಿ ಯಾಕೆ ಹೇಳ್ತೀರಿ? ಕೀ ಹಾರಿ ಬಡಿದು ಗೋಡೇಲಾದ ಗುಳಿ ತೋರಿಸಿ. …ಯಾವ ಗುಳಿನಾ? ಅಯ್ಯೋ ದೇವರೇ! ಕ್ಯಾಲೆಂಡರ್ ನೇತುಹಾಕಿ ಮುಚ್ಚಿಟ್ಟಿದ್ದೀರಲ್ಲ, ಅದೇ ಗುಳಿ! ಹೋದ ವರ್ಷದ ಕ್ಯಾಲೆಂಡರ್ ಇನ್ನೂ ಯಾಕೆ ತೆಗೆದಿಲ್ಲ ಅಂತ ಈ ಮನೇಲಿ ಯಾರಿಗೂ ಗೊತ್ತಿಲ್ಲ ಅಂದ್ಕೊಂಡ್ರಾ?

ಕೆಮ್ಮಬೇಡಿ. ಮುಂದೆ ಹೇಳಿ.

ಹಿತ್ತಾಳೆ. ಸರಿ, ಹಿತ್ತಾಳೆಗೆ ತೂತು ಹಾಕೋದು. ಏನು, ಅಷ್ಟೇನಾ? ‘ನಿಧಾನವಾಗಿ ಹಾಕಬೇಕು’, ಮುಗೀತಾ? ಬಿಟ್ಟುಬಿಟ್ರಲ್ಲ ಮುಖ್ಯವಾದ್ದನ್ನ! ಹಿತ್ತಾಳೆ ನೋಡೋಕೆ ಮೆತ್ತಗೆ, ಆದ್ರೆ ಚೂಪು ಡ್ರಿಲ್ಲನ್ನ ಕಚ್ಚಿ ಒಳಗೆಳೆದುಕೊಳ್ಳುತ್ತೆ. ಡ್ರಿಲ್ಲಿನ ಅಂಚನ್ನ ಸಾಣೆಕಲ್ಲಿಗೆ ಒಂದಿಷ್ಟು ಉಜ್ಜಿ ಮೊಂಡು ಮಾಡಬೇಕು. ಇಲ್ಲಾಂದ್ರೆ ತುಂಡು ಕೈಯಿಂದ ಕಿತ್ತುಕೊಂಡು ಗಿರ್ರಂತ ತಿರುಗುತ್ತೆ. ಅದಕ್ಕೇ ಕೈಯಲ್ಲಿ ಹಿಡೀಬಾರದು, ಮೇಜಿನ ವೈಸಿನ ದವಡೇಲಿ ಬಿಗೀಬೇಕು…

ಯಾಕೆ ಹಾಗೆ ನೋಡ್ತೀರಿ? ನೀವೇ ಹೇಳಿದ್ದು ಮಾವ. ಹೇಳಿಲ್ವಾ? ಹೇಳಿರ್ತೀರಿ, ಮರೆತಿರ್ತೀರಿ. ಕಾಫಿ ಕುಡಿದ್ರಾ ಇಲ್ವಾ ಅಂತಲೇ ನಿಮಗೆ ನೆನಪಿರಲ್ಲ, ಇನ್ನು ಇದು!

ಅಳೆಯೋದರ ಬಗ್ಗೆ ಹೇಳಿ. ಎಲ್ಲರೂ ತಪ್ಪೋದು ಅಲ್ಲೇ. ಆಗತಾನೇ ಕಡೆದ ಪಿಸ್ಟನ್ ಬಿಸಿ ಇರುತ್ತೆ, ಬಿಸಿಗೆ ಉಬ್ಬಿರುತ್ತೆ. ಆತುರಕ್ಕೆ ಆಗಲೇ ಅಳೆದು, ಇನ್ನೂ ದಪ್ಪ ಇದೆ ಅಂತ ಇನ್ನೊಂದು ಚೂರು ಕಡೆದ್ರೆ, ತಣ್ಣಗಾದ ಮೇಲೆ ಸಿಲಿಂಡರಿನೊಳಗೆ ಲೊಟಲೊಟ. ಅಷ್ಟು ಕೆಲಸ ದಂಡ. ನಂದು ಮೊದಲನೇದು ಹಾಗೇ ಹಾಳಾ…

ಏನು? ನಂದು ಅಂದ್ರೆ… ಕೇಕು! ಕೇಕು ಮಾವ. ಅದೂ ಹಾಗೇ, ಬಿಸಿ ಇದ್ದಾಗ ಉಬ್ಬಿರುತ್ತೆ, ತಣ್ಣಗಾದ್ರೆ ಕುಸಿಯುತ್ತೆ. …ಯಾವತ್ತು ಮಾಡಿದೆ ಅಂತೀರಾ? ಕುಸಿದುಹೋಯ್ತು ಅಂದ್ನಲ್ಲ. ಕುಸಿದ ಕೇಕನ್ನ ತಟ್ಟೇಲಿಟ್ಟು ಮಾವನಿಗೆ ತೋರಿಸ್ತಾರಾ ಯಾರಾದ್ರೂ? ಎಸೆದೆ. ನೀವು ಕೇಕು ಬಿಟ್ಟು ಎಂಜಿನ್ ಕಡೆ ಗಮನ ಕೊಡಿ ಸ್ವಲ್ಪ!

ಬೆಳಿಗ್ಗೆ ನಿಮ್ಮ ಮಗ ಏನು ಹೇಳಿ ಹೋದ್ರು ಅಂತ ನೆನಪಿದೆ ತಾನೇ? ಇವತ್ತು ನಾಲ್ಕು ಜನರ ಎದುರಿಗೆ ನಿಮ್ಮ ಈ ಎಂಜಿನ್ ತಿರುಗಿದ್ರೆ ಲೇತು ಇಲ್ಲೇ ಇರುತ್ತೆ. ತಿರುಗಲಿಲ್ಲ ಅಂದ್ರೆ ನಾಳೆ ಹಳೇ ಯಂತ್ರದ ವ್ಯಾಪಾರಿ ಬರ್ತಾನೆ. ಆಮೇಲೆ ಈ ಕೋಣೆ ತುಂಬ ನಿಮ್ಮ ಮಗನ ಅಂಗಡಿಯ ಬಣ್ಣದ ಡಬ್ಬಿಗಳು. ‘ಅಪ್ಪನ ಕೈ ನಡುಗುತ್ತೆ, ಮನೇಲಿ ಮಗು ಓಡಾಡುತ್ತೆ. ನಡುಗೋ ಕೈಯಲ್ಲಿ ಎಂಜಿನ್ ತಿರುಗೋ ಹಾಗೆ ಮಾಡೋಕೆ ಆಗಲ್ಲ. ಮಾಡಿ ತೋರಿಸಿದ್ರೆ ನಾನೇ ಸುಮ್ಮನಾಗ್ತೀನಿ’ ಅಂದ್ರಲ್ಲ… ಬಾಯಿಗೆ ಅಡ್ಡಿಯೇ ಇಲ್ಲ ನಿಮ್ಮ ಮಗನಿಗೆ. ಯಾರನ್ನ ಹೋತಿದ್ದಾರೋ!

ಕೈ ಯಾಕೆ ಜೇಬಿಗೆ ಹೋಯ್ತು? ತೆಗೀರಿ ಆಚೆ. ನನ್ನ ಹತ್ತಿರ ಎಂಥ ಮುಚ್ಚುಮರೆ? ಸಾರು ಬಡಿಸ್ಕೊಂಡಾಗ ಮೇಜಿನ ತುಂಬ ಚೆಲ್ಲೋದನ್ನ ಒರೆಸೋಳು ನಾನೇ ತಾನೇ!

ಬನ್ನಿ, ಒಂದು ಸಲ ಓಡಿಸಿಬಿಡೋಣ. ನೇರ ಉಗಿ ಬೇಡ, ಮೊದಲು ಗಾಳಿ. ಅದನ್ನೂ ಅವರಿಗೆ ಹೇಳಿ, ಹೊಸ ಎಂಜಿನ್‌ಗೆ ಮೊದಲ ದಿನವೇ ಬೆಂಕಿ ಹಚ್ಚಬಾರದು, ಗಾಳಿಗೆ ತಿರುಗಿಸಿ ನೋಡಬೇಕು. ಸೈಕಲ್ ಪಂಪು ನಾನು ಒತ್ತುತೀನಿ, ನೀವು ಚಕ್ರಕ್ಕೆ ಬೆರಳಲ್ಲಿ ಮೆಲ್ಲಗೆ ಒಂದು ತಳ್ಳು ಕೊಡಿ. ಹಾಂ… ಹಾಂ… ಓ!

ನೋಡಿ ನೋಡಿ! ಹೇಗೆ ತಿರುಗ್ತಿದೆ! ಸದ್ದು ಕೇಳಿ, ಬೆಕ್ಕಿನ ಮರಿ ಗುರುಗುಟ್ಟಿದ ಹಾಗೆ! ಅಯ್ಯೋ ನನ್ನ ಬಂಗಾರ… ಎಂಜಿನ್‌ಗೆ ಹೇಳಿದ್ದು, ನಿಮಗಲ್ಲ.

…ಮಾವ? ಖುಷಿಯಾಗಲಿಲ್ವಾ?

ಹೋದ ವಾರ ಅರ್ಧ ಸುತ್ತಿಗೇ ನಿಲ್ತಿತ್ತು, ನಿಜ. ಈಗ ಹೇಗೆ ಅಂದ್ರೆ… ಎಣ್ಣೆ ಬಿಟ್ಟೆ. ಅಷ್ಟೇ. ಧೂಳು ಒರೆಸೋಕೆ ಬಂದಾಗ ಎರಡು ತೊಟ್ಟು ಎಣ್ಣೆ ಬಿಟ್ಟೆ. ಎಣ್ಣೆಗೆ ಎಂಥ ಶಕ್ತಿ ಇದೆ ನೋಡಿ!

ಅದನ್ನ ಯಾಕೆ ಬಿಚ್ತಿದ್ದೀರಿ? ಅವರು ಬರೋ ಹೊತ್ತಾಯ್ತು! ಆ ಕಡ್ಡಿ ಬಿಚ್ಚಬೇಡಿ ಮಾವ, ಪಿಸ್ಟನ್ನಿಂದ ಚಕ್ರಕ್ಕೆ ಹೋಗೋದು ಅದೊಂದೇ, ಆಮೇಲೆ ಮತ್ತೆ ಕೂರಿಸೋಕೆ ನಾನು… ನೀವು ಒದ್ದಾಡಬೇಕು. ಕನ್ನಡಕ ತಂದುಕೊಡಲಾ? ಬೇಡ್ವಾ? ಹೆಬ್ಬೆರಳಲ್ಲಿ ಸವರಿದ್ರೆ ಏನು ಗೊತ್ತಾಗುತ್ತೆ? ಎಷ್ಟು ನುಣುಪಾಗಿದೆ ನೋಡಿ, ಒರಟು ಅರದ ಗೀರೆಲ್ಲ ಹೋಗೋವರೆಗೂ ಸಣ್ಣ ಅರ ಆಡಿಸಿ, ಆಮೇಲೆ ಮರಳುಕಾಗದ ಉಜ್ಜಿ…

ಒಳಬದೀಲಿ ಮಾತ್ರ ಕಾಗದ ಹೋಗಲ್ಲ. ಅಲ್ಲಿ ಅರದ ಗೀರು ಉಳಿದಿದೆ.

ಹೌದು. ನಿಮ್ಮ ಗೀರು ಈ ಕಡೆ ವಾಲುತ್ತೆ. ಇವು ಆ ಕಡೆ ವಾಲಿವೆ.

ಏನಾದ್ರೂ ಅನ್ನಿ ಮಾವ. ಎಡಗೈಯವರು ಉಜ್ಜಿದ್ರೆ ಮಾತ್ರ ಹೀಗೆ ಬರುತ್ತೆ ಅಂತ ಬಾಯಿಬಿಟ್ಟು ಹೇಳಿ. ಈ ಮನೇಲಿ ಎಡಚಿ ಇರೋದು ನಾನೊಬ್ಬಳೇ ಅಂತಾನೂ ಹೇಳಿ. ಬಯ್ಯೋದಾದ್ರೆ ಈಗಲೇ ಬಯ್ದುಬಿಡಿ, ಅವರು ಬಂದ ಮೇಲೆ ಚೆನ್ನಾಗಿರಲ್ಲ.

…ಬಯ್ಯಲ್ವಾ?

ನೀವು ಮಧ್ಯಾಹ್ನ ಮಾತ್ರೆ ನುಂಗಿ ಮಲಗ್ತಿದ್ರಲ್ಲ, ಪುಟ್ಟೀನೂ ಮಲಗ್ತಿದ್ಳು. ಆಗ. ಕಡ್ಡಿ ಉಜ್ಜಿದೆ, ಪಿಸ್ಟನ್ನೂ ನಾನೇ ಹೊಸದಾಗಿ ಕಡೆದೆ. ‘ಅದೇನು ದಿನಾ ಅಷ್ಟು ಹೊತ್ತು ಮಿಕ್ಸಿ?’ ಅಂತ ಒಂದಿನ ಕೇಳಿದ್ರಿ. ರಾತ್ರಿ ಊಟದಲ್ಲಿ ರುಬ್ಬಿದ್ದು ಒಂದೂ ಇರಲಿಲ್ಲ, ಆದ್ರೂ ನೀವು ತೆಪ್ಪಗೆ ಉಂಡ್ರಿ. ನಿಮಗೆ ಗೊತ್ತಾಗಿದೆ ಅಂತ ನನಗೆ ಅವತ್ತೇ ಅನುಮಾನ ಬರಬೇಕಿತ್ತು…

ನಿಮ್ಮ ಕೆಲಸ ಕಿತ್ತುಕೊಳ್ಳಬೇಕು ಅಂತ ಅಲ್ಲ. ಆ ಪಿಸ್ಟನ್ ಹಿಡಿದು ಸುಮ್ಮನೆ ಕೂತಿರ್ತಿದ್ರಲ್ಲ, ಅದು ನೋಡೋಕೆ ಆಗ್ತಿರಲಿಲ್ಲ. ಲೇತು ಹೋದ್ರೆ ನೀವು ಏನು ಮಾಡ್ತೀರಿ? ಟೀವಿ ಮುಂದೆ ಕೂತು ನನಗೆ ಕಾಟ ಕೊಡ್ತೀರಿ. ನಿಮಗೋಸ್ಕರ ಮಾಡಿದೆ ಮಾವ. ನಿಮಗೋಸ್ಕರವೇ.

…ಹಾಗೆ ಸುಮ್ಮನೆ ನೋಡ್ತಾ ಕೂತ್ಕೋಬೇಡಿ.

ಆಯ್ತಪ್ಪ. ಪೂರ್ತಿ ನಿಮಗೋಸ್ಕರ ಅಲ್ಲ. ಮೊದಲ ದಿನ ನಿಮಗೋಸ್ಕರ. ಎರಡನೇ ದಿನ ಪುಟ್ಟಿ ಯಾವಾಗ ಮಲಗ್ತಾಳೋ ಅಂತ ಕಾಯ್ತಾ ಇದ್ದೆ. ಹಿತ್ತಾಳೆ ಸುರುಳಿ ಸುರುಳಿಯಾಗಿ ಬಿಡಿಸಿಕೊಂಡು ಬೀಳುವಾಗ… ಹೇಗೆ ಹೇಳೋದು… ಮದುವೆಯಾದಾಗಿನಿಂದ ನಾನು ಮಾಡಿದ್ದೆಲ್ಲ ತಿಂದು ಮುಗಿಯುತ್ತೆ, ಒಗೆದಿದ್ದು ಮತ್ತೆ ಕೊಳೆಯಾಗುತ್ತೆ. ಈ ಪಿಸ್ಟನ್ ಮಾತ್ರ ಮಾಡಿಟ್ಟ ಹಾಗೇ ಇರುತ್ತೆ. ಲೇತು ನನಗೂ ಬೇಕು ಮಾವ. ಸಾಕಾ? ಬಾಯಿಬಿಡಿಸಿದ್ರಲ್ಲ, ಒಂದು ಮಾತೂ ಆಡದೆ!

ಗೇಟು ಸದ್ದಾಯ್ತು. ಬಂದ್ರು. ಬೇಗ ಆ ಕಡ್ಡಿ ಕೊಡಿ ಇಲ್ಲಿ, ಕೂರಿಸಿಬಿಡ್ತೀನಿ. ಹಾಂ, ಆಯ್ತು. ಸ್ಟೂಲಿನ ಮೇಲೆ ಕೂತ್ಕೊಳ್ಳಿ, ಅಂಗಿ ಸರಿಮಾಡ್ಕೊಳ್ಳಿ, ಎಲ್ಲ ನೀವೇ ಮಾಡಿದ್ದು, ನಾನು ಕಾಫಿ ತರ್ತೀನಿ…

ಮಾವ, ಎಲ್ಲಿಗೆ ಹೋಗ್ತಿದ್ದೀರಿ? ಅದು ಬಂದವರ ಬೆಂಚು. ಅಲ್ಲಿ ಯಾಕೆ ಕೂತ್ರಿ? ಕೈಕಟ್ಟಿ ಬೇರೆ! ಅವರ ಹಿಂದೆ ನಿಮ್ಮ ಮಗಾನೂ ಬರ್ತಿದ್ದಾರೆ. ಅವರಿಗೆ ಗೊತ್ತಾದ್ರೆ… ಮಾವ, ಎದ್ದು ಬನ್ನಿ. ದಮ್ಮಯ್ಯ. ನನಗೆ ನಾಲ್ಕು ಜನರೆದುರು ಮಾತಾಡಿ ಗೊತ್ತಿಲ್ಲ.

ಸ್ಟೂಲು ತೋರಿಸ್ತೀರಾ? ಅಲ್ಲಿ ನಾನು ಕೂರಬೇಕಾ?…

…ಆಯ್ತು. ಆಯ್ತು.

ಬನ್ನಿ, ಒಳಗೆ ಬನ್ನಿ ಎಲ್ಲರೂ. ರೀ, ನೀವೂ ಬನ್ನಿ. ಅಯ್ಯೋ, ಚಪ್ಪಲಿ ಬಿಡಬೇಡಿ, ಹಾಕ್ಕೊಂಡೇ ಬನ್ನಿ! ನೆಲದ ತುಂಬ ಹಿತ್ತಾಳೆ ಚೂರು. ಮಧ್ಯಾಹ್ನ ನಾನು ಕಡೆದಿದ್ದು, ಗುಡಿಸೋಕೆ ಹೊತ್ತು ಸಿಗಲಿಲ್ಲ.